ಹೊಲದಡಿ ಗ್ಯಾಸ್ ಪೈಪು: ಮನೆ ಎಣಿಸುವವರು ಯಾರು?

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾಮಗಾರಿಯನ್ನು ಎರಡು ಪ್ಯಾಕೇಜಾಗಿ ಹಂಚಿದ್ದು ನಿಡಘಟ್ಟದಲ್ಲಿ. ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ಅಲ್ಲಿಂದ ಮೈಸೂರಿಗೆ ಇನ್ನೊಂದು. ಮನೆಮನೆಗೆ ನೈಸರ್ಗಿಕ ಅನಿಲ ಕೊಡುವ ಪರವಾನಗಿಯ ಗಡಿಯೂ ಹೆಚ್ಚುಕಡಿಮೆ ಅಲ್ಲೇ ಬೀಳುತ್ತದೆ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ರಾಮನಗರ (2025ರಿಂದ ಬೆಂಗಳೂರು ದಕ್ಷಿಣ) ಜಿಲ್ಲೆ ಒಂದು ಪ್ರದೇಶ. ಮೈಸೂರು, ಮಂಡ್ಯ, ಚಾಮರಾಜನಗರ ಸೇರಿ ಮತ್ತೊಂದು. ಎರಡರ ಪರವಾನಗಿಯೂ ಬೇರೆ ಬೇರೆ ಕಂಪನಿಗೆ ಸಿಕ್ಕಿದೆ. ಹಾಗಾಗಿ ಚನ್ನಪಟ್ಟಣದ ನೆಂಟರ ಗ್ಯಾಸ್ ಬಿಲ್ಲಿನಲ್ಲಿರುವ ತುರ್ತು ನಂಬರು ಮದ್ದೂರು ತಾಲ್ಲೂಕಿನ ಸೋರಿಕೆಗೆ ಉಪಯೋಗಕ್ಕೆ ಬಾರದು. ಗಡಿಯೂರಿನವರು ಮೊದಲು ತಿಳಿದಿರಬೇಕಾದದ್ದು ಇದು.

ಪೈಪುಗಳೆಲ್ಲ ಒಂದೇ ಅಲ್ಲ. ಅಡುಗೆಮನೆಯ ಒಲೆಗೆ ಬರುವ ಅನಿಲದ ಒತ್ತಡ ಒಂದು ಬಾರ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಬೀದಿಯಲ್ಲಿ ಹೂಳುವ ಪ್ಲಾಸ್ಟಿಕ್ ಕೊಳವೆಯಲ್ಲಿ ಸುಮಾರು 4 ಬಾರ್. ನಗರ ಅನಿಲ ಜಾಲದ ಉಕ್ಕಿನ ಕೊಳವೆಯಲ್ಲಿ 49 ಬಾರ್‌ವರೆಗೂ ಹೋಗಬಹುದು. ದಾಭೋಲ್–ಬೆಂಗಳೂರು ಅಥವಾ ಕೊಚ್ಚಿ–ಮಂಗಳೂರಿನಂಥ ದೂರದ ಮುಖ್ಯ ಮಾರ್ಗಗಳಲ್ಲಿ ಅದಕ್ಕಿಂತಲೂ ಹೆಚ್ಚು. ಮನೆಗೆ ಬರುವ ಅನಿಲಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಮುಖ್ಯ ಮಾರ್ಗದ ಅನಿಲಕ್ಕೆ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಹೊಲದ ನಡುವೆ ವಾಸನೆ ಬರಲಿಲ್ಲವೆಂದರೆ ಸೋರಿಕೆ ಇಲ್ಲವೆಂದು ಅರ್ಥವಲ್ಲ. ಬುಸ್ಸೆನ್ನುವ ಸದ್ದು, ಹಸಿರಿನ ನಡುವೆ ಒಂದೇ ಕಡೆ ಒಣಗಿದ ಪೈರು, ಗದ್ದೆಯ ನೀರಿನಲ್ಲಿ ಏಳುವ ಗುಳ್ಳೆ ಇವೇ ಅಲ್ಲಿ ಗುರುತು.

2014ರ ಜೂನ್ 27ರ ನಸುಕಿನಲ್ಲಿ ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ 18 ಇಂಚಿನ ಕೊಳವೆ ಸೋರಿತು. ಅನಿಲ ಊರಿನ ಮೇಲೆ ಹರಡಿಕೊಂಡಿದ್ದಾಗಲೇ ಬೆಂಕಿ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು. ತೆಂಗಿನಮರಗಳು ನಿಂತಲ್ಲೇ ಸುಟ್ಟವು. ಒಣ ಅನಿಲ ಸಾಗಿಸಬೇಕಾದ ಕೊಳವೆಯಲ್ಲಿ ನೀರಿನಂಶದ ಅನಿಲ ಹರಿದು, ಉಕ್ಕು ಒಳಗಿನಿಂದಲೇ ಸವೆದಿತ್ತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಕೊಳವೆಯೊಳಗೆ ‘ಪಿಗ್’ ಎಂಬ ಉಪಕರಣ ಓಡಿಸಿ ಗೋಡೆಯ ದಪ್ಪ ಅಳೆಯುವ ಕ್ರಮವಿದೆ. ನಿಯಂತ್ರಣ ಮಂಡಳಿಯ 2012ರ ನಿಯಮಾವಳಿಯಂತೆ ಪ್ರತಿ ಕಂಪನಿಯೂ ಕೊಳವೆಯ ಸುಸ್ಥಿತಿ ಕಾಯುವ ವ್ಯವಸ್ಥೆಯನ್ನು ಇಟ್ಟುಕೊಂಡಿರಲೇಬೇಕು. ಅದು ಕಡತದಲ್ಲಿದೆಯೋ ಕಾರ್ಯದಲ್ಲಿದೆಯೋ ಎಂಬುದನ್ನು ಪಕ್ಕದ ಊರು ಕೇಳಬಹುದು.

ಹೇಗೆ ಕೇಳುವುದು? ಇಲ್ಲಿಂದ ಮನೆ ಎಣಿಕೆಯ ಮಾತು. ಕೊಳವೆಯ ಎರಡೂ ಬದಿಗೆ 200 ಮೀಟರ್, ಉದ್ದಕ್ಕೆ 1.6 ಕಿ.ಮೀ. ಪಟ್ಟಿ ಹಿಡಿದು ಅದರೊಳಗಿನ ವಾಸದ ಮನೆಗಳನ್ನು ಎಂಜಿನಿಯರುಗಳು ಎಣಿಸುತ್ತಾರೆ. 10 ಅಥವಾ ಕಡಿಮೆ ಇದ್ದರೆ ಒಂದನೇ ದರ್ಜೆ, 46 ಮುಟ್ಟುವವರೆಗೆ ಎರಡನೆಯದು, 46 ಅಥವಾ ಹೆಚ್ಚಿದ್ದರೆ ಮೂರನೆಯದು. ಬಹುಮಹಡಿ ಕಟ್ಟಡಗಳೇ ತುಂಬಿದ್ದರೆ ನಾಲ್ಕನೆಯದು. ದರ್ಜೆ ಏರಿದಷ್ಟೂ ಉಕ್ಕಿನ ಮೇಲೆ ಬೀಳಬಹುದಾದ ಒತ್ತಡದ ಮಿತಿ ಇಳಿಯುತ್ತದೆ: ಒಂದನೆಯದರಲ್ಲಿ ಉಕ್ಕು ಕಾಯಂ ಆಗಿ ಹಿಗ್ಗತೊಡಗುವ ಮಟ್ಟದ ಶೇ 72, ಮೂರನೆಯದರಲ್ಲಿ ಶೇ 50. ಅಂದರೆ ಅದೇ ಉಕ್ಕು, ಅದೇ ಅನಿಲ ಒತ್ತಡಕ್ಕೆ ಗೋಡೆ ಸುಮಾರು 1.44 ಪಟ್ಟು ದಪ್ಪವಿರಬೇಕು. ಅನಿಲ ತಡೆಯುವ ವಾಲ್ವುಗಳ ನಡುವಿನ ಗರಿಷ್ಠ ಅಂತರವೂ 32 ಕಿ.ಮೀ.ಯಿಂದ 16ಕ್ಕೆ ಇಳಿಯುತ್ತದೆ.

ತೊಂದರೆ ಇರುವುದು ಎಣಿಕೆಯಲ್ಲಲ್ಲ, ಎಣಿಸಿದ ದಿನದಲ್ಲಿ. ಕಬ್ಬಿನ ಗದ್ದೆ ಇದ್ದಾಗ ಒಂದನೇ ದರ್ಜೆ ಬರೆದುಕೊಂಡ ಜಾಗ ಹೆದ್ದಾರಿ ಬಂದ ಮೇಲೆ ಸೈಟು, ಡಾಬಾ, ಗೋದಾಮು ಆಗಿ ಮೂರನೇ ದರ್ಜೆಗೆ ಏರಿರಬಹುದು. ನಿಡಘಟ್ಟದಿಂದ ಮದ್ದೂರಿನವರೆಗಿನ ರಸ್ತೆ ಬದಿ ಹತ್ತು ವರ್ಷದಲ್ಲಿ ಎಷ್ಟು ಬದಲಾಗಿದೆ ಎಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಹಿತಿ ಹಕ್ಕು ಅರ್ಜಿಯಲ್ಲಿ ಹಾಕಬೇಕಾದ ಪ್ರಶ್ನೆ ನೇರವಾಗಿರಲಿ: ‘ನಮ್ಮ ಗ್ರಾಮದ ಇಂಥ ಸರ್ವೆ ನಂಬರಿನ ಬಳಿ ಕೊಳವೆಯ ದರ್ಜೆ ಯಾವುದು? ಕೊನೆಯ ಬಾರಿ ಮನೆ ಎಣಿಸಿದ್ದು ಯಾವಾಗ? ಸಮೀಪದ ವಾಲ್ವು ಎಷ್ಟು ದೂರದಲ್ಲಿದೆ? ಕಳೆದ ಬಾರಿ ಪಿಗ್ ಓಡಿಸಿದ್ದು ಯಾವಾಗ?’ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಗೇಲ್‌ನಂಥ ಸರ್ಕಾರಿ ಸಂಸ್ಥೆಯಾದರೆ ಅರ್ಜಿ ಅದಕ್ಕೇ. ಖಾಸಗಿ ಕಂಪನಿಯಾದರೆ ದೆಹಲಿಯ ನಿಯಂತ್ರಣ ಮಂಡಳಿಗೆ. ಇಡೀ ಮಾರ್ಗದ ನಕ್ಷೆ ಕೇಳಿದರೆ ಭದ್ರತೆಯ ನೆಪ ಬರುತ್ತದೆ. ಸ್ವಂತ ಸರ್ವೆ ನಂಬರಿಗೆ ಸೀಮಿತವಾಗಿ ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಪೈಪು ಇನ್ನೂ ಬಂದಿಲ್ಲ, ಜಮೀನಿಗೆ ನೋಟಿಸ್ ಬಂದಿದೆ ಎಂದಾದರೆ ಕಾನೂನು ಬೇರೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯಡಿ ಸರ್ಕಾರ ಭೂಮಿಯನ್ನು ಕೊಳ್ಳುವುದಿಲ್ಲ, ಕೊಳವೆಗಾಗಿ ಅದನ್ನು ಬಳಸುವ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿ ರೈತನ ಹೆಸರಿನಲ್ಲೇ ಉಳಿಯುತ್ತದೆ. ಅಧಿಸೂಚನೆಯಾದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಹಕ್ಕಿದೆ. ಆಕ್ಷೇಪಣೆಯ ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬಾರದು.

ಅಧಿಸೂಚನೆಗೆ ಮುಂಚೆಯೇ ವಾಸಕ್ಕಿದ್ದ ಜಾಗ, ಮನೆಗೆ ಹೊಂದಿದ ಹಿತ್ತಿಲು, ಕಾಯಂ ಕಟ್ಟಡವಿದ್ದ ನೆಲ ಇವುಗಳಡಿ ಕೊಳವೆ ಹಾಕುವಂತಿಲ್ಲ ಎನ್ನುತ್ತದೆ 7ನೇ ಕಲಂ. ಒಂದು ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಪೈಪು ಇಳಿಸುವ ದಿನ ಟೇಪು ಹಿಡಿದು ಅಳತೆ ಮಾಡಿ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಬಾಯಿಮಾತಿನ ಜಗಳವಿರುವುದಿಲ್ಲ.

ಹಕ್ಕು ಹೋದ ಪಟ್ಟಿಯಲ್ಲಿ ಭತ್ತ, ರಾಗಿ, ಕಬ್ಬು ಬೆಳೆಯಬಹುದು. ಕಟ್ಟಡ, ಬಾವಿ, ಕೆರೆಕಟ್ಟೆ, ಮರ ಕೂಡದು (9ನೇ ಕಲಂ). ಎಳನೀರು ಮಾರುಕಟ್ಟೆಗೇ ಹೆಸರಾದ ಮದ್ದೂರಿನಲ್ಲಿ ‘ಮರ ಕೂಡದು’ ಎಂದರೆ ತೆಂಗು ಕೂಡದು ಎಂದೇ ಅರ್ಥ. ಇದಕ್ಕೆ ಪ್ರತಿಯಾಗಿ ಕಾಯ್ದೆ ಕೊಡುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10, ಅದರ ಜತೆಗೆ ಬೆಳೆ, ಮರಗಳಿಗಾದ ನಷ್ಟ. ತೀರಾ ಕಡಿಮೆ ಎನ್ನದೆ ವಿಧಿಯಿಲ್ಲ. ಮೊತ್ತ ಒಪ್ಪಿಗೆಯಾಗದಿದ್ದರೆ ಮಂಡ್ಯದ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಮರದ ಎಣಿಕೆ, ವಯಸ್ಸು, ಪಂಪ್‌ಸೆಟ್‌ನ ಜಾಗ ಎಲ್ಲವೂ ಮಹಜರಿನಲ್ಲಿ ಬಂದಿದೆಯೇ ಎಂದು ಓದಿಯೇ ಸಹಿ ಹಾಕಬೇಕು.

ಮಾರ್ಗವನ್ನೇ ಬದಲಿಸಿ ಎಂಬ ವಾದ ನ್ಯಾಯಾಲಯದಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. ಕೃಷ್ಣಗಿರಿಯೂ ಸೇರಿ ತಮಿಳುನಾಡಿನ ಏಳು ಜಿಲ್ಲೆಗಳ ರೈತರ ಪರವಾಗಿ, ಕೊಳವೆಯನ್ನು ಹೆದ್ದಾರಿ ಬದಿಗೆ ಒಯ್ಯುವಂತೆ ಅಲ್ಲಿನ ಸರ್ಕಾರವೇ 2013ರಲ್ಲಿ ಗೇಲ್‌ಗೆ ಹೇಳಿತ್ತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜ್ಯಕ್ಕೆ ಸೋಲಾಯಿತು. ಕೇರಳದಲ್ಲಿ ಜನ ಗೆದ್ದದ್ದು ಬೇರೆ ದಾರಿಯಲ್ಲಿ. 2017ರ ನವೆಂಬರಿನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಮುಕ್ಕಂ ಸುತ್ತ ಕೊಚ್ಚಿ–ಮಂಗಳೂರು ಮಾರ್ಗದ ವಿರುದ್ಧ ಪ್ರತಿಭಟನೆ ಜೋರಾದ ಮೇಲೆ ಅಲ್ಲಿನ ಸರ್ಕಾರ ಪರಿಹಾರ ಹೆಚ್ಚಿಸಿತು. ಅದೇ ಮಾರ್ಗ ಕಾಸರಗೋಡು ದಾಟಿ 2021ರ ಜನವರಿಯಲ್ಲಿ ಮಂಗಳೂರಿನವರೆಗೂ ಉದ್ಘಾಟನೆಯಾಯಿತು.

ನಗರ ಅನಿಲದ ಕೊಳವೆ ಬಹುಮಟ್ಟಿಗೆ ರಸ್ತೆ ಅಂಚಿನಲ್ಲೇ ಸಾಗುವುದರಿಂದ ಅಲ್ಲಿ ರೈತನಿಗೆ ನೋಟಿಸ್ ಬರುವ ಪ್ರಶ್ನೆಯೇ ಇಲ್ಲ; ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯಿತಿ ಅನುಮತಿ ಕೊಡುತ್ತದೆ. ಅಲ್ಲಿನ ದೊಡ್ಡ ಅಪಾಯ ಜೆಸಿಬಿ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಜಲಮಂಡಳಿಯ ಕಾಮಗಾರಿ ನಡೆಯುವಾಗ ಅನಿಲ ಕೊಳವೆಗೆ ಪೆಟ್ಟು ಬಿದ್ದು, ಸ್ಫೋಟವಾಗಿ, ಮನೆಯವರು ಗಾಯಗೊಂಡರು. ಅದೇ ತಿಂಗಳು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಟ್ಟಿತು. ಅಗೆಯುವ ಮುನ್ನ ಜಾಗ ತಿಳಿಸಿದರೆ ಅಲ್ಲಿ ಕೊಳವೆ, ಕೇಬಲ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಚರಂಡಿಗೋ ನಲ್ಲಿಗೋ ಟೆಂಡರ್ ಕೊಡುವ ಪಂಚಾಯಿತಿ ಇದನ್ನು ಕಾರ್ಯಾದೇಶದ ಷರತ್ತಾಗಿ ಸೇರಿಸಲು ಗ್ರಾಮಸಭೆಯ ಒಂದು ಠರಾವು ಸಾಕು. ಅಗೆಯುವಾಗ ಎಚ್ಚರಿಕೆ ಬರೆದ ಪ್ಲಾಸ್ಟಿಕ್ ಹಾಳೆ ಕಂಡರೆ ಬಕೆಟ್ ಅಲ್ಲೇ ನಿಲ್ಲಬೇಕು. ಕೊಳವೆ ಅದರ ಕೆಳಗೇ ಇರುತ್ತದೆ.

ಸೋರಿಕೆಯಾದರೆ ಬೈಕ್ ಸ್ಟಾರ್ಟ್ ಮಾಡಬಾರದು, ಸ್ವಿಚ್ ಮುಟ್ಟಬಾರದು. ಗಾಳಿ ಬರುವ ದಿಕ್ಕಿಗೆ ದೂರ ನಡೆದು ಹೋಗಿ, ಆಮೇಲೆ ಮಾರ್ಗಸೂಚಿ ಕಲ್ಲಿನ ಮೇಲಿನ ನಂಬರಿಗೂ 112ಕ್ಕೂ ಫೋನ್ ಮಾಡಬೇಕು. ಹೊತ್ತಿಕೊಂಡ ಅನಿಲಕ್ಕೆ ನೀರೆರಚಿ ಆರಿಸಲು ಹೋಗುವುದು ಇನ್ನೂ ಕೆಟ್ಟದ್ದು. ಆರಿದ ಅನಿಲ ಹರಡಿ ಮತ್ತೊಮ್ಮೆ ಹೊತ್ತುತ್ತದೆ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ 2005ರ ಕಾಯ್ದೆಯಂತೆ ಜಿಲ್ಲಾ ಯೋಜನೆ ಸಿದ್ಧಪಡಿಸಬೇಕು. ಅನಿಲ ಅವಘಡದ ಅಣಕು ಪ್ರದರ್ಶನ ಊರಿನ ಬಳಿ ಆಗಿದೆಯೇ ಎಂದು ಅಲ್ಲಿ ವಿಚಾರಿಸಬಹುದು. ಅವಘಡ ಆಗಿಯೇ ಹೋದರೆ, ಕಂಪನಿಯ ತಪ್ಪನ್ನು ಸಂತ್ರಸ್ತರು ಸಾಬೀತು ಮಾಡಬೇಕಿಲ್ಲ. 1985ರ ದೆಹಲಿ ಓಲಿಯಂ ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಕ್ಕೆ ಸಂಪೂರ್ಣ ಹೊಣೆ ಹೊರಿಸಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯೂ ಅದೇ ತತ್ವ ಅನುಸರಿಸುತ್ತದೆ; ಕರ್ನಾಟಕದ ಅರ್ಜಿಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ, ಪರಿಹಾರ ಕೇಳಲು ಐದು ವರ್ಷ ಕಾಲಾವಕಾಶವಿದೆ. ಕೈಗಾರಿಕಾ ದುರಂತದ ಸಂತ್ರಸ್ತರು, ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಮದ್ದೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.