ಬಾಗಿಲ ಸಂದಿನ ಚಳಿಗಾಳಿ

ನಮ್ಮ ಪುಣೆಯು ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿರುವ ಊರು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇಲ್ಲಿಯ ರಾತ್ರಿಗಳು ಚಳಿಯಿಂದ ಕೂಡಿರುತ್ತವೆ. 1935ನೆಯ ಇಸವಿಯ ಜನವರಿ 17ರಂದು ಉಷ್ಣತಾಮಾನವು 1.7 ಡಿಗ್ರಿ ಸೆಲ್ಸಿಯಸಿಗೆ ಇಳಿದಿತ್ತು. ಕ್ಯಾಂಪಿನ ಹಳೆಯ ಮನೆಗಳಲ್ಲಿ ಬಾಗಿಲು ಮುಚ್ಚಿ ಮಲಗಿದರೂ ಕಾಲಿಗೆ ತಣ್ಣನೆಯ ಗಾಳಿ ತಾಗುವುದುಂಟು. ಅದು ಬರುವ ಬಗೆ ಹೇಗೆ?

ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಉಬ್ಬುತ್ತದೆ. ಚಳಿಗಾಲದ ಒಣಹವೆಯಲ್ಲಿ ಕುಗ್ಗುತ್ತದೆ. ಆದುದರಿಂದ ಶ್ರಾವಣದಲ್ಲಿ ಬಿಗಿಯಾಗಿದ್ದ ಬಾಗಿಲು ಪುಷ್ಯದಲ್ಲಿ ಸಡಿಲವಾಗುತ್ತದೆ. ಬಾಗಿಲಿನ ಅಗಲ 90 ಸೆಂಟಿಮೀಟರು, ಅದರ ಕೆಳಗಿನ ಸಂದು 1 ಸೆಂಟಿಮೀಟರು ಎಂದಿಟ್ಟುಕೊಳ್ಳಿರಿ. ಸಂದಿನ ಕ್ಷೇತ್ರಫಲ 90 ಚದರ ಸೆಂಟಿಮೀಟರು. ಎಂದರೆ ಗೋಡೆಯಲ್ಲಿ ಸುಮಾರು ಒಂಬತ್ತೂವರೆ ಸೆಂಟಿಮೀಟರು ಬದಿಯ ಚೌಕ ಕಿಂಡಿಯನ್ನು ಕೊರೆದಂತಾಯಿತು! ಕೋಣೆಯ ಬೆಚ್ಚನೆಯ ಗಾಳಿಯು ಹಗುರವಾದುದರಿಂದ ಮೇಲಿನ ಸಂದುಗಳಿಂದ ಹೊರಹೋಗುತ್ತದೆ. ಅದರ ಸ್ಥಳಕ್ಕೆ ತಣ್ಣನೆಯ ಗಾಳಿಯು ಕೆಳಗಿನಿಂದ ಒಳಬರುತ್ತದೆ.

ಸಂದುಗಳನ್ನು ಕಂಡುಹಿಡಿಯಲು ಒಂದು ಊದುಬತ್ತಿ ಸಾಕು. ಗಾಳಿ ಬೀಸುವ ಸಂಜೆ ಹಿರಿಯರ ಸಮ್ಮುಖದಲ್ಲಿ ಪರದೆಗಳನ್ನು ಸರಿಸಿ, ಹೊತ್ತಿಸಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿನಗುಂಟ ಮೆಲ್ಲನೆ ಸಾಗಿಸಿರಿ. ಹೊಗೆಯು ನೆಟ್ಟಗೆ ಏರದೆ ಓಲಾಡಿದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿರಿ.

ಇವನ್ನು ಮುಚ್ಚಲು ಮನೆಯಲ್ಲಿರುವ ವಸ್ತುಗಳೇ ಸಾಕು. ಬಾಗಿಲಿನ ಕೆಳಗೆ ಇಡಲು ಹಳೆಯ ದಪ್ಪ ಬಟ್ಟೆಯಿಂದ ಬಾಗಿಲಿನಷ್ಟೇ ಉದ್ದದ ಚೀಲವನ್ನು ಹೊಲಿದು, ಒಣ ಮರಳನ್ನೂ ತೆಂಗಿನ ನಾರನ್ನೂ ತುಂಬಿರಿ; ಮರಳಿನ ಭಾರದಿಂದ ಅದು ಜರುಗದು. ಕಿಟಕಿಯ ಕದಗಳು ಕೂಡುವಲ್ಲಿ ಹರಿದ ಕಂಬಳಿಯ ಪಟ್ಟಿಗಳನ್ನು ಸಣ್ಣ ಮೊಳೆಗಳಿಂದ ಕೂಡಿಸಬೇಕು. ಉಣ್ಣೆಯ ಗುಂಗುರು ಎಳೆಗಳು ಗಾಳಿಯನ್ನು ತಮ್ಮ ನಡುವೆ ಹಿಡಿದಿಡುತ್ತವೆ; ಒತ್ತಿದರೆ ಕುಗ್ಗಿ, ಬಿಟ್ಟರೆ ಮತ್ತೆ ಉಬ್ಬುತ್ತವೆ. ಚೌಕಟ್ಟಿಗೂ ಗೋಡೆಗೂ ನಡುವಣ ಬಿರುಕಿನಲ್ಲಿ ಜೇನುಮೇಣ ತಿಕ್ಕಿದ ಹತ್ತಿಯ ಹುರಿಯನ್ನು ಒತ್ತಿ ತುಂಬಬಹುದು. ಮಳೆಗಾಲಕ್ಕೆ ಮುನ್ನ ಕಂಬಳಿಯ ಪಟ್ಟಿಗಳನ್ನು ತೆಗೆದು, ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆಗಳೊಡನೆ ಕಟ್ಟಿಡಬೇಕು. ಇಲ್ಲವಾದರೆ ಅವು ಬೂಷ್ಟು ಹಿಡಿಯುವವು. ಉಬ್ಬಿದ ಕದಗಳೂ ಮುಚ್ಚಲಾರವು.

ಆದರೆ ಒಂದು ಮಾತನ್ನು ಮರೆಯಬಾರದು. ಗೋಡೆಯ ಮೇಲ್ಭಾಗದ ಗವಾಕ್ಷಿಗಳನ್ನು ಎಂದಿಗೂ ಮುಚ್ಚಕೂಡದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿಯನ್ನಿಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಏಳದೆಯೇ ಪ್ರಾಣ ಬಿಡಬಹುದು. ಗ್ಯಾಸ್ ಗೀಜರ್ ಇರುವ ಬಚ್ಚಲುಮನೆಯಲ್ಲಿಯೂ ಇದೇ ಅಪಾಯವಿದೆ. ಬೆಂಕಿ ಉರಿಯುವ ಕೋಣೆಗೆ ಗಾಳಿಯ ದಾರಿ ಇರಲೇಬೇಕು.

ಈ ಚಳಿಗಾಲದಲ್ಲಿ ನಿಮ್ಮ ಮನೆಯ ಒಂದು ಬಾಗಿಲನ್ನು ಅಳೆದು, ಅದರ ಸಂದಿನ ಕ್ಷೇತ್ರಫಲವನ್ನು ಲೆಕ್ಕಹಾಕಿ ನೋಡಿರಿ.