ಕ್ರೈಸ್ತ ಪ್ರಾರ್ಥನಾಗೀತಗಳೂ ಕನ್ನಡದ ನಡಿಗೆಯೂ

ಹತ್ತಾರು ಜನ ಕೂಡಿ ಒಂದೇ ಕೊರಲಿನಿಂದ ದೇವರನ್ನು ಬೇಡಿಕೊಳ್ಳುವ ಪದ್ಧತಿ ಎಲ್ಲ ಮತಗಳಲ್ಲಿಯೂ ಉಂಟು. ಕ್ರೈಸ್ತರ ಆರಾಧನೆಯಲ್ಲಿ ಇಂಥ ಪ್ರಾರ್ಥನೆಗಳಿಗೆ ಗೊತ್ತಾದ ಒಂದು ಕ್ರಮವಿದೆ: ಕರುಣೆಗಾಗಿ ಇಡುವ ಮೊರೆ, ಮಹಿಮೆಯ ಸ್ತುತಿ, ವಿಶ್ವಾಸದ ಪ್ರಮಾಣ, ಮೂರು ಸಲ ಪವಿತ್ರನೆಂದು ಕರೆಯುವ ಸ್ತೋತ್ರ, ದೇವರ ಕುರಿಮರಿಗೆ ಮಾಡುವ ಬಿನ್ನಹ. ಇವಲ್ಲದೆ ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯೂ ಇದೆ. ಯುರೋಪಿನಲ್ಲಿ ಇವುಗಳಿಗೆ ಸ್ವರ ಹಾಕಿದ ಸಂಗೀತಗಾರರು ಅನೇಕರು. ಅವೇ ಪ್ರಾರ್ಥನೆಗಳು ಕನ್ನಡದ ಬಾಯಿಗೆ ಬಂದಾಗ ಅವುಗಳ ಧಾಟಿ ಏನಾಗಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ಮೊದಲು ಎದ್ದುದು ಯುರೋಪಿನಲ್ಲಿಯೇ. ಅಲ್ಲಿ ಶತಮಾನಗಳ ಕಾಲ ಪೂಜೆಯ ಭಾಷೆ ಲ್ಯಾಟಿನ್. ಜರ್ಮನಿಯ ಮಾರ್ಟಿನ್ ಲೂಥರರು ಪೂಜೆಯನ್ನು ಜನರ ಮಾತಿಗೆ ತರಲು ಹೊರಟಾಗ, ಲ್ಯಾಟಿನ್ ಸ್ವರಗಳಿಗೆ ಜರ್ಮನ್ ಮಾತುಗಳನ್ನು ಅಂಟಿಸಿದರೆ ಸಾಲದು, ಮಾತು, ಒತ್ತು, ರಾಗ ಮೂರೂ ತಾಯ್ನುಡಿಯಿಂದಲೇ ಹುಟ್ಟಬೇಕೆಂದು 1525ರಲ್ಲಿ ವಾದಿಸಿದರು. 1526ರಲ್ಲಿ ಅವರ ಜರ್ಮನ್ ಪೂಜಾಕ್ರಮ ಹೊರಬಂತು. ಅದರ ಸಂಗೀತಕ್ಕೆ ಯೋಹಾನ್ ವಾಲ್ಟರರು ನೆರವಾದರು. ಯೇಸು ಕಲಿಸಿದ ಪ್ರಾರ್ಥನೆಯನ್ನು ಲೂಥರರು 1539ರಲ್ಲಿ ಒಂಬತ್ತು ನುಡಿಗಳ ಪದ್ಯವಾಗಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ವಿಂಡ್ಸರಿನ ಆರ್ಗನ್ ವಾದಕ ಜಾನ್ ಮರ್ಬೆಕ್ ಬೇರೆ ದಾರಿ ಹಿಡಿದರು. 1550ರ ತಮ್ಮ ಪುಸ್ತಕದಲ್ಲಿ ಇಂಗ್ಲಿಷ್ ಪ್ರಾರ್ಥನೆಯ ಗದ್ಯವನ್ನು ಗದ್ಯವಾಗಿಯೇ ಉಳಿಸಿ, ಬಹುಮಟ್ಟಿಗೆ ಒಂದು ಅಕ್ಷರಕ್ಕೆ ಒಂದು ಸ್ವರದಂತೆ ಹೊಂದಿಸಿದರು. ದಾರಿ ಎರಡಾದರೂ ಗುರಿ ಒಂದೇ: ಹಾಡುವವನ ಮಾತು ಕೇಳುವವನಿಗೆ ತಿಳಿಯಬೇಕು.

ಇನ್ನು ನಮ್ಮ ನಾಡಿಗೆ ಬರೋಣ. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು 1820ರಲ್ಲಿ ನೆಲೆಯೂರಿದರು. ಮಂಗಳೂರಿಗೆ ಬಾಸೆಲ್ ಮಿಷನ್ 1834ರಲ್ಲಿ ಬಂತು. ಸ್ತೋತ್ರಗಳು ಕನ್ನಡಕ್ಕೆ ಅನುವಾದವಾದವು. ಧಾಟಿಗಳು ಮಾತ್ರ ಅನೇಕ ಕಡೆ ಪಾಶ್ಚಾತ್ಯವಾಗಿಯೇ ಉಳಿದವು. ತೊಡಕು ಇಲ್ಲಿಯೇ. ಇಂಗ್ಲಿಷ್ ಸ್ತೋತ್ರಗಳಲ್ಲಿ ಲೆಕ್ಕ ಅಕ್ಷರದ್ದು. ಬಹಳ ಬಳಕೆಯ ಒಂದು ಛಂದಸ್ಸಿನಲ್ಲಿ ಸಾಲುಗಳಿಗೆ 8, 6, 8, 6 ಅಕ್ಷರ. ಆ ಲೆಕ್ಕದ ಯಾವ ಪದ್ಯವನ್ನಾದರೂ ಆ ಲೆಕ್ಕದ ಯಾವ ಧಾಟಿಗಾದರೂ ಹಾಡಬಹುದು. ನಮ್ಮ ಷಟ್ಪದಿಯ ಲೆಕ್ಕ ಮಾತ್ರೆಯದು. ಭಾಮಿನಿಯ ಮೊದಲ ಸಾಲಿನಲ್ಲಿ 3, 4, 3, 4ರಂತೆ ಒಟ್ಟು 14 ಮಾತ್ರೆಗಳಿರಬೇಕು. ಅಕ್ಷರ ಹತ್ತಾದರೂ ಇರಬಹುದು, ಹನ್ನೆರಡಾದರೂ ಇರಬಹುದು. ಮೇಲಾಗಿ ಆ ಸ್ತೋತ್ರಗಳಲ್ಲಿ ಅನೇಕವು ಹಗುರ ಅಕ್ಷರದಿಂದ ಆರಂಭವಾಗಿ ಎರಡನೆಯದಕ್ಕೆ ಒತ್ತು ಕೊಡುತ್ತವೆ. ಕನ್ನಡದ ಮಾತಿಗೆ ಒತ್ತು ಸಾಮಾನ್ಯವಾಗಿ ಮೊದಲಕ್ಷರದ ಮೇಲೆ.

ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 'ಬಲ' ಎಂಬ ಮಾತಿನ ಮೊದಲಕ್ಷರ ನೀಳವಾದ ಸ್ವರದ ಮೇಲೆ ಬಿದ್ದರೆ ಅದು 'ಬಾಲ' ಆಗುತ್ತದೆ! ಬಲವನ್ನು ಬೇಡಲು ಹೋಗಿ ಬಾಲವನ್ನು ಬೇಡಿದರೆ ಕೇಳಿದವರು ನಕ್ಕಾರು. 'ಪದ'ವು 'ಪಾದ'ವಾದರೆ ನಗೆಯೂ ಬಾರದು, ಅರ್ಥವೇ ಸದ್ದಿಲ್ಲದೆ ತಿರುಗಿ ಹೋಗುತ್ತದೆ. ಪುಸ್ತಕ ಕೈಯಲ್ಲಿದ್ದವನು ಅಕ್ಷರ ನೋಡಿ ತಿದ್ದಿಕೊಂಡಾನು. ಓದು ಬಾರದವರ ಗತಿಯೇನು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಹಿರಿಯರಿಗೆ ಕಿವಿಯೇ ಪುಸ್ತಕ. ಅಂಥವರ ಪಾಲಿಗೆ ಹಾಡಿನಲ್ಲಿ ಕೆಟ್ಟ ಮಾತು ಕೆಟ್ಟೇ ಹೋದಂತೆ.

ಈ ತೊಡಕನ್ನು ಬಿಡಿಸಲು ಬೇಕಾದ ಸಾಮಗ್ರಿಯನ್ನು ಕೂಡಿಸಿದವರೂ ಮಿಷನರಿಗಳೇ ಎಂಬುದು ಸ್ಮರಣೀಯ. ಹೆರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿ 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು. ಕನ್ನಡದಲ್ಲಿ ಹಾಡಬೇಕಾದವನು ಕನ್ನಡದ ಲಘು ಗುರುಗಳಿಗೆ ಶಿಷ್ಯನಾಗಬೇಕೆಂಬುದನ್ನು ಅವರ ಕೃತಿಗಳೇ ಸಾರುತ್ತವೆ. ಕೆಥೋಲಿಕರಲ್ಲಿ ಈ ಅರಿವು ತಡವಾಗಿ ಬಂತು. ಬೆಳಗಾವಿ ಧರ್ಮಪ್ರಾಂತ 1953ರಲ್ಲಿ ಸ್ಥಾಪಿತವಾದಾಗ ಪೂಜೆಯ ಭಾಷೆ ಲ್ಯಾಟಿನ್ನೇ. 1963ರ ಡಿಸೆಂಬರದಲ್ಲಿ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಾಗಿಲು ತೆರೆದುದಲ್ಲದೆ, ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಸಲ್ಲಬೇಕೆಂದು ಸಾರಿತು.

ಹಾಗಾದರೆ ನಮ್ಮ ಸೀಮೆಯ ಕಿವಿಗೆ ಒಗ್ಗುವ ರೀತಿ ಯಾವುದು? ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಭಜನೆ, ತತ್ತ್ವಪದ, ಮೊಹರಮ್ಮಿನ ರಿವಾಯತ ಪದಗಳನ್ನು ಕೇಳದೆ ಬೆಳೆದವರು ವಿರಳ. ಶ್ರೀಕೃಷ್ಣ ಪಾರಿಜಾತದ ಕವಿ ತಮ್ಮಣ್ಣನ ಕುಲಗೋಡ ಇಂದು ಮೂಡಲಗಿ ತಾಲೂಕಿಗೆ ಸೇರಿದ ಊರು. ಪಾರಿಜಾತದಲ್ಲಿ ಮುಂದಿನವರು ನುಡಿಯನ್ನು ಎತ್ತಿಕೊಟ್ಟರೆ ಹಿಮ್ಮೇಳ ಅದನ್ನು ಹಿಡಿದು ಹಾಡುತ್ತದೆ. ಕ್ರೈಸ್ತ ಆರಾಧನೆಯಲ್ಲಿ ಬೋಧಕರು ನುಡಿದದ್ದಕ್ಕೆ ಸಭೆ ಉತ್ತರ ಕೊಡುವುದೂ ಇದೇ ಬಗೆಯದು. ಕರುಣೆಗಾಗಿ ಮರಳಿ ಮರಳಿ ಇಡುವ ಮೊರೆ ತಾನೇ ಒಂದು ಪಲ್ಲವಿ. ಗದ್ಯರೂಪದ ಪ್ರಾರ್ಥನೆಗೂ ಮಾದರಿ ಉಂಟು. ವಚನಗಳಿಗೆ ಕಟ್ಟಿದ ಛಂದಸ್ಸಿಲ್ಲ. ಆದರೂ ಮಲ್ಲಿಕಾರ್ಜುನ ಮನಸೂರರು ಅವನ್ನು ಹಿಂದುಸ್ತಾನಿ ರಾಗಗಳಲ್ಲಿ ಮಾತಿನ ತೂಕ ಕೆಡದಂತೆ ಹಾಡಿ ತೋರಿಸಿದರು.

ಪಾಶ್ಚಾತ್ಯ ಧಾಟಿಗಳೆಲ್ಲ ಬೇಡವೆಂದು ನನ್ನ ವಾದವಲ್ಲ. ತಲೆಮಾರುಗಳಿಂದ ಅವನ್ನು ಹಾಡಿ ಬೆಳೆದವರಿಗೆ ಅವೂ ಈಗ ಸ್ವಂತದ್ದೇ. ಆದರೆ ಹೊಸದಾಗಿ ರಾಗ ಕಟ್ಟುವವರು ಮೊದಲು ಆ ಮಾತನ್ನು ಬಾಯಿ ಬಿಟ್ಟು ಓದಲಿ, ಲಘು ಗುರುಗಳನ್ನು ಎಣಿಸಲಿ, ಅಕ್ಷರ ಬಾರದ ಒಬ್ಬ ಹಿರಿಯರ ಮುಂದೆ ಹಾಡಿ ಅರ್ಥವಾಯಿತೇ ಎಂದು ಕೇಳಲಿ. ಪರೀಕ್ಷೆಗೆಂದು ಪ್ರಸ್ತಾರ ಹಾಕುವುದನ್ನು ಕಲಿಯುವ ನಮಗೆ ಆ ವಿದ್ಯೆ ಉಪಯೋಗಕ್ಕೆ ಬರುವ ಸ್ಥಳಗಳಲ್ಲಿ ಇದೂ ಒಂದು.