ಹಿರಿಯರ ಫೋನಿಗೆ ಎಷ್ಟು ಕರೆನ್ಸಿ ಹಾಕಿಸಬೇಕು?

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರ ಕೈಗೆ ತಿಂಗಳಿಗೆ ಬರುವುದು ₹1,200. ಅದೇ ಹಿರಿಯರ ಫೋನಿಗೆ 28 ದಿನದ ₹199ರ ರೀಚಾರ್ಜ್ ಹಾಕಿಸುತ್ತ ಹೋದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕಾಗುತ್ತದೆ. ಒಟ್ಟು ₹2,587. ಎರಡು ತಿಂಗಳ ಪಿಂಚಣಿ ಪೂರ್ತಿ ಫೋನಿಗೇ ಹೋಗಿ, ಮೂರನೆಯ ತಿಂಗಳದ್ದಕ್ಕೂ ಕೈ ಹಾಕಿದಂತಾಯಿತು. ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಾಗಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಾಗಲಿ ಇಂಥ ಮನೆಗಳು ಸಾಕಷ್ಟಿವೆ: ಅಜ್ಜನ ಕೈಯಲ್ಲಿ ಬಟನ್ ಫೋನ್, ಅಮ್ಮನ ಹತ್ತಿರ ಹಳೆಯ ಟಚ್ ಫೋನ್, ಫ್ಯಾಕ್ಟರಿಗೆ ಹೋಗುವ ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು. ನಾಲ್ಕೂ ಫೋನುಗಳಿಗೆ ಒಂದೇ ಅಳತೆಯ ರೀಚಾರ್ಜ್ ಹಾಕಿಸುವುದರಲ್ಲೇ ದುಡ್ಡು ಸೋರಿಹೋಗುತ್ತದೆ. ಕಂಪನಿ ಮಾರುವ ಫ್ಯಾಮಿಲಿ ಪ್ಲಾನಿಗಿಂತ ಮನೆಯವರೇ ಕೂತು ಹೊಂದಿಸಿಕೊಂಡ ವ್ಯವಸ್ಥೆ ಬಹುಪಾಲು ಮನೆಗಳಿಗೆ ಅಗ್ಗ. ಹಿರಿಯರಿಗೆ ಮಾತಿನ ರೀಚಾರ್ಜ್, ಕಿರಿಯರಿಗೆ ನೆಟ್ ಇರುವ ರೀಚಾರ್ಜ್. ಇದು ಯಾಕೆ ಅಗ್ಗ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ದರ ನೋಡುವ ಮೊದಲು ಆ ನಂಬರಿನಿಂದ ಆಗುತ್ತಿರುವ ಕೆಲಸವೇನು ಎಂದು ಕೇಳಿಕೊಳ್ಳಿ. ಬಹಳಷ್ಟು ಹಿರಿಯರ ಫೋನು ಮುಖ್ಯವಾಗಿ ಬರುವ ಕರೆಗೆ ಮತ್ತು ಬರುವ ಮೆಸೇಜಿಗೆ. ಮಕ್ಕಳ ಕರೆ, ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ, ಪಿಂಚಣಿ ಜಮಾ ಆದ ಸಂದೇಶ, ಗೃಹಲಕ್ಷ್ಮಿ ಹಣದ ಸಂದೇಶ, ಇಷ್ಟೇ. ಹಾಗಾಗಿ ಈ ನಂಬರು ಎಂದೂ ಬಂದ್ ಆಗಬಾರದು, ಎಷ್ಟು ಜಿಬಿ ನೆಟ್ ಸಿಗುತ್ತದೆ ಎಂಬುದು ಆಮೇಲಿನ ಮಾತು. 90 ದಿನ ಕರೆ, ಮೆಸೇಜು, ನೆಟ್ ಏನೂ ಬಳಕೆಯಾಗದ ನಂಬರನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ ₹20 ಅಥವಾ ಹೆಚ್ಚು ಉಳಿದಿದ್ದರೆ ಅದರಲ್ಲಿ ಮುರಿದುಕೊಂಡು ಮತ್ತೆ 30 ದಿನ ನಂಬರು ಉಳಿಸಬೇಕೆಂಬ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲೇ ತಂದಿದೆ. ಆದರೂ ರದ್ದಾದ ನಂಬರು ಕೊನೆಗೆ ಬೇರೆಯವರ ಕೈಗೆ ಹೋಗುತ್ತದೆ, ಹಳೆಯ ಬ್ಯಾಂಕ್ ಖಾತೆಯ ಒಟಿಪಿಯೂ ಅದರ ಹಿಂದೆಯೇ ಹೋಗುತ್ತದೆ. ಆಧಾರದಲ್ಲಿ ಹೊಸ ನಂಬರು ಸೇರಿಸಲು ಹೆಚ್ಚಾಗಿ ಹಿರಿಯರೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕಾಗುತ್ತದೆ, 2025ರ ಅಕ್ಟೋಬರಿನಿಂದ ಅದಕ್ಕೆ ₹75 ಶುಲ್ಕ. ಮಂಡಿನೋವಿನವರನ್ನು ಕೊಪ್ಪಳಕ್ಕೆ ಕರೆದೊಯ್ಯುವ ಖರ್ಚು, ಒಂದು ದಿನದ ಕೂಲಿ ಬೇರೆ.

ಹೀಗೆ ನೋಡಿದರೆ 28 ದಿನದ ರೀಚಾರ್ಜು ಎರಡು ಕಡೆಯಿಂದ ಹೊಡೆಯುತ್ತದೆ. ವರ್ಷಕ್ಕೆ ಒಂದು ಸಲ ಹೆಚ್ಚು ದುಡ್ಡು ಕೊಡಬೇಕು, ಮತ್ತು ಹದಿಮೂರು ಸಲ ಮರೆಯುವ ಅವಕಾಶ ಇರುತ್ತದೆ. ಈ 28ರ ಲೆಕ್ಕದ ಬಗ್ಗೆ ದೂರು ಬಂದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವಂಥದ್ದೊಂದು ರೀಚಾರ್ಜನ್ನಾದರೂ ಕೊಡಬೇಕೆಂದು ಆದೇಶಿಸಿತು. ಹಿರಿಯರಿಗೆ ಅದಕ್ಕಿಂತ ಉಪಯೋಗವಾದದ್ದು 2024ರ ಡಿಸೆಂಬರಿನ ತಿದ್ದುಪಡಿ. ನೆಟ್ ಇಲ್ಲದೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ರೀಚಾರ್ಜನ್ನು ಎಲ್ಲ ಕಂಪನಿಗಳೂ ಕೊಡಲೇಬೇಕು, 90 ದಿನವಿದ್ದ ವಿಶೇಷ ರೀಚಾರ್ಜುಗಳ ಗರಿಷ್ಠ ಅವಧಿ 365 ದಿನದವರೆಗೂ ಹೋಗಬಹುದು ಎಂದು ಅದರಲ್ಲಿ ಹೇಳಲಾಯಿತು. 2025ರ ಜನವರಿಯಲ್ಲಿ ಇವು ಮಾರುಕಟ್ಟೆಗೆ ಬಂದವು. ಆರಂಭದ ದರ ತಗ್ಗಿದ ಮೇಲೆ ನಿಂತ ಲೆಕ್ಕ ಹೀಗಿತ್ತು: ಜಿಯೊದಲ್ಲಿ 84 ದಿನಕ್ಕೆ ₹448, 336 ದಿನಕ್ಕೆ ₹1,748. ಏರ್‌ಟೆಲ್‌ನಲ್ಲಿ 84 ದಿನಕ್ಕೆ ₹469, 365 ದಿನಕ್ಕೆ ₹1,849. ವಿಐ ಕೂಡ ಹೆಚ್ಚುಕಡಿಮೆ ಇದೇ ಆಸುಪಾಸು.

ಈ ಅಂಕಿಗಳನ್ನು ಬಾಯಿಪಾಠ ಮಾಡುವುದು ಬೇಡ, ದರ ಬದಲಾಗುತ್ತಲೇ ಇರುತ್ತದೆ. ದರ ಹಾಗೇ ಇಟ್ಟು ದಿನ ಕತ್ತರಿಸುವ ಜಾಣತನವೂ ಈ ವ್ಯಾಪಾರದಲ್ಲಿ ಇದ್ದದ್ದೇ. ಆದ್ದರಿಂದ ರೀಚಾರ್ಜಿನ ಹಣವನ್ನು ದಿನಗಳಿಂದ ಭಾಗಿಸಿ. ₹199ನ್ನು 28ರಿಂದ ಭಾಗಿಸಿದರೆ ದಿನಕ್ಕೆ ₹7.11. ₹448ನ್ನು 84ರಿಂದ ಭಾಗಿಸಿದರೆ ₹5.33. ₹1,849ನ್ನು 365ರಿಂದ ಭಾಗಿಸಿದರೆ ₹5.07. ಅಂಗಡಿಯವರು ಯಾವ ಪ್ಲಾನ್ ಹೇಳಿದರೂ ಅವರ ಮುಂದೆಯೇ ಕ್ಯಾಲ್ಕ್ಯುಲೇಟರ್ ತೆಗೆದು ಹೀಗೆ ಭಾಗಿಸಿ ನೋಡಲು ನಾಚಿಕೆ ಬೇಡ. ಮಾತಿನ ರೀಚಾರ್ಜು ಬೇಕೆಂದು ಬಾಯಿಬಿಟ್ಟು ಕೇಳುವುದೂ ಅಗತ್ಯ. ಆ್ಯಪ್ ತೆರೆದ ಕೂಡಲೇ ಮೇಲೆ ಕಾಣುವುದು ದಿನಕ್ಕೆ ಎರಡು ಜಿಬಿಯ ದುಬಾರಿ ಪ್ಲಾನುಗಳು, ಇವನ್ನು ಕೆಳಗೆ ಇಳಿಸಿ ಹುಡುಕಬೇಕಾಗುತ್ತದೆ.

ನೆಟ್ ತೆಗೆದರೂ ಉಳಿತಾಯ ಅಷ್ಟಕ್ಕಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಏರ್‌ಟೆಲ್ ಮೊದಲು 84 ದಿನಕ್ಕೆ 6 ಜಿಬಿ ಸೇರಿಸಿ ₹509 ಪಡೆಯುತ್ತಿತ್ತು. ಆದೇಶ ಬಂದ ಮೇಲೆ ಆ 6 ಜಿಬಿ ತೆಗೆದು ಇಳಿಸಿದ್ದು ಹತ್ತೇ ರೂಪಾಯಿ. ದರಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿದ ಮೇಲೆ ಅದು ₹469ಕ್ಕೆ ಬಂತು. ಹಾಗಾಗಿ ನಿಜವಾದ ಉಳಿತಾಯ ನೆಟ್ ಬಿಟ್ಟದ್ದಕ್ಕಿಂತ ಅವಧಿ ಉದ್ದವಾದದ್ದರಲ್ಲಿದೆ: ₹2,587 ಎಲ್ಲಿ, ₹1,849 ಎಲ್ಲಿ. ವರ್ಷಕ್ಕೆ ₹738, ಅದೂ ಒಬ್ಬರಿಗೆ. ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಸುಮಾರು ₹1,500.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು. ತಿಂಗಳಿಗೆ ₹1,200 ಬರುವವರು ಒಮ್ಮೆಲೇ ₹1,849 ಎಲ್ಲಿಂದ ತರಬೇಕು? ತರಬೇಕಾಗಿಯೂ ಇಲ್ಲ. ಜಿಯೊದ ₹448ಕ್ಕೂ ₹1,748ಕ್ಕೂ ಇರುವ ವ್ಯತ್ಯಾಸ ದಿನಕ್ಕೆ 13 ಪೈಸೆ, ಏರ್‌ಟೆಲ್‌ನಲ್ಲಿ ಸುಮಾರು 50 ಪೈಸೆ. ಇಷ್ಟಕ್ಕಾಗಿ ಸಾಲ ಮಾಡಿ ವರ್ಷದ ರೀಚಾರ್ಜ್ ಹಾಕಿಸುವುದರಲ್ಲಿ ಅರ್ಥವಿಲ್ಲ. ನಡುವೆ ಆರೋಗ್ಯ ಕೆಟ್ಟು ಮಗಳ ಊರಿಗೆ ಹೋಗಬೇಕಾದರೆ, ಅಲ್ಲಿ ಈ ಕಂಪನಿಯ ಟವರ್ ಸಿಗದಿದ್ದರೆ, ವರ್ಷದ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. 84 ದಿನದ ಮಾತಿನ ರೀಚಾರ್ಜೇ ಹೆಚ್ಚಿನ ಹಿರಿಯರಿಗೆ ತಕ್ಕ ಅಳತೆ. ಅದು ತಿಂಗಳಿನ ಲೆಕ್ಕಕ್ಕೆ ಕೂಡುವುದಿಲ್ಲ ಎಂಬುದೊಂದೇ ತೊಡಕು. ಹಾಕಿಸಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ತಾರೀಖಿಗೆ ಗುರುತು ಹಾಕಿ, ಮಗನ ಫೋನಿನಲ್ಲೂ ಅಲಾರಂ ಇಟ್ಟರೆ ಆ ತೊಡಕೂ ತೀರಿತು.

ಈಗ ಫ್ಯಾಮಿಲಿ ಪ್ಲಾನಿನ ವಿಚಾರ. 2024ರ ಜುಲೈ ಏರಿಕೆಯ ನಂತರ ಜಿಯೊದ ಕುಟುಂಬ ಪೋಸ್ಟ್‌ಪೇಯ್ಡ್ ದರ ತಿಂಗಳಿಗೆ ₹449 ಆಯಿತು, ಸೇರಿಸುವ ಪ್ರತಿ ಸಿಮ್‌ಗೆ ₹150. ನಾಲ್ವರಿಗೆ ₹899. ಕೇಳಲು ಸೋವಿ ಅನ್ನಿಸುತ್ತದೆ. ಆದರೆ ಪ್ರಿಪೇಯ್ಡ್ ದರದಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನ ದರದ ಮೇಲೆ ಶೇ 18 ಜಿಎಸ್‌ಟಿ ಬೇರೆ ಬೀಳುತ್ತದೆ. ₹899 ಆಗ ₹1,061 ಆಗಿ, ವರ್ಷಕ್ಕೆ ಸುಮಾರು ₹12,730 ಮುಟ್ಟುತ್ತದೆ. ಅದೇ ಕಂಪನಿಯಲ್ಲಿ ಇಬ್ಬರು ಹಿರಿಯರಿಗೆ ಮಾತಿನ ದೀರ್ಘ ರೀಚಾರ್ಜು, ಇಬ್ಬರು ಕಿರಿಯರಿಗೆ 84 ದಿನ ದಿನಕ್ಕೆ 2 ಜಿಬಿ ಸಿಗುವ ₹859ರ ರೀಚಾರ್ಜು ಹಾಕಿಸಿದರೆ ವರ್ಷದ ಲೆಕ್ಕ ಸುಮಾರು ₹11,260. ಸುಮಾರು ₹1,470 ಕಡಿಮೆ. ಕಿರಿಯರಿಬ್ಬರಿಗೆ ಸೇರಿ ತಿಂಗಳಿಗೆ 120 ಜಿಬಿ ಸಿಗುತ್ತದೆ, ಕುಟುಂಬ ಪ್ಲಾನಿನಲ್ಲಿ ನಾಲ್ವರಿಗೂ ಸೇರಿ ಸಿಗುವುದು 90 ಜಿಬಿ. ಹಿರಿಯರಿಗೆ ವಿಡಿಯೊ ನೋಡಬೇಕೆನಿಸಿದರೆ ಮನೆಯಲ್ಲಿ ಮೊಮ್ಮಗಳ ಫೋನಿನ ಹಾಟ್‌ಸ್ಪಾಟ್ ಸಾಕು. ಜೊತೆಗೆ ಪೋಸ್ಟ್‌ಪೇಯ್ಡ್ ಬಿಲ್ಲು ಒಂದೇ. ಅದನ್ನು ಕಟ್ಟುವವನಿಗೆ ಫ್ಯಾಕ್ಟರಿ ಸಂಬಳ ತಡವಾದರೆ ಅಜ್ಜನ ಒಟಿಪಿಗೂ ಕುತ್ತು ಬರುತ್ತದೆ. ದುಡಿಯುವ ಮೂವರು ನಾಲ್ವರು ತಿಂಗಳು ತಿಂಗಳು ಬಿಲ್ಲು ಹಂಚಿಕೊಳ್ಳುವ, ಸಿನಿಮಾ ಆ್ಯಪುಗಳನ್ನೂ ಬಳಸುವ ಮನೆಗೆ ಮಾತ್ರ ಫ್ಯಾಮಿಲಿ ಪ್ಲಾನ್ ಲಾಭ.

ಹಾಟ್‌ಸ್ಪಾಟ್ ಎಂದ ಕೂಡಲೇ ಕೊಪ್ಪಳ ಜಿಲ್ಲೆಯವರು ಕೇಳಬೇಕಾದ ಪ್ರಶ್ನೆ ಒಂದಿದೆ. ಮಕ್ಕಳೆಲ್ಲ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ ಹೋದಾಗ ಮನೆಯಲ್ಲಿ ಉಳಿದ ಹಿರಿಯರಿಗೆ ಹಾಟ್‌ಸ್ಪಾಟ್ ಕೊಡುವವರು ಯಾರು? ಇಲ್ಲಿ ಮೇಲಿನ ವಾದ ನಿಲ್ಲುವುದಿಲ್ಲ. ಮೊಮ್ಮಕ್ಕಳ ಮುಖ ನೋಡುವುದನ್ನು ದುಂದು ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಅದಕ್ಕೂ ದಿನಕ್ಕೆ 2 ಜಿಬಿ ಬೇಕಿಲ್ಲ. ಹತ್ತು ನಿಮಿಷದ ವಾಟ್ಸ್ಆ್ಯಪ್ ವಿಡಿಯೊ ಕರೆಗೆ ಸಾಮಾನ್ಯವಾಗಿ 50ರಿಂದ 100 ಎಂಬಿ ಖರ್ಚಾಗುತ್ತದೆ. ವಾರಕ್ಕೆ ಮೂರು ಸಲ ಮಾತಾಡಿದರೂ 28 ದಿನಕ್ಕೆ ಒಟ್ಟು 2 ಜಿಬಿ ಕೊಡುವ ₹189–199ರ ರೀಚಾರ್ಜು ಸಾಕಾಗುತ್ತದೆ. ವಿಡಿಯೊ ತಾವೇ ಡೌನ್‌ಲೋಡ್ ಆಗುವುದನ್ನು ವಾಟ್ಸ್ಆ್ಯಪ್ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ ಕೊಟ್ಟುಹೋಗುವುದು ಮಕ್ಕಳ ಕೆಲಸ. ವಿಡಿಯೊ ಬೇಡ, ಬರೀ ಮಾತು ಮತ್ತು ಯುಪಿಐ ಸಾಕು ಎನ್ನುವವರಿಗೆ ಜಿಯೊಭಾರತ್ ಎಂಬ 4ಜಿ ಬಟನ್ ಫೋನು ಇದೆ. 2023ರಲ್ಲಿ ಅದು ₹999ಕ್ಕೆ ಬಂದಾಗ ಅದರ ರೀಚಾರ್ಜು 28 ದಿನಕ್ಕೆ ₹123 ಇತ್ತು. ಆ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ ಎಂಬುದು ಗೊತ್ತಿರಲಿ.

ಹಿರಿಯರಿಗೆಂದೇ ರಿಯಾಯಿತಿ ಇಲ್ಲವೇ? ಅಮೆರಿಕದಲ್ಲಿ 55 ದಾಟಿದವರಿಗೆ ಪ್ರತ್ಯೇಕ ಪ್ಲಾನುಗಳಿವೆ. ನಮ್ಮಲ್ಲಿ ಬಿಎಸ್ಸೆನ್ನೆಲ್ 2025ರ ದೀಪಾವಳಿಗೆ 60 ದಾಟಿದವರಿಗಾಗಿ ‘ಸಮ್ಮಾನ್’ ಎಂಬ ಪ್ಲಾನ್ ತಂದಿತ್ತು: ₹1,812ಕ್ಕೆ 365 ದಿನ, ದಿನಕ್ಕೆ 2 ಜಿಬಿ. ದಿನದ ದರ ನೋಡಿದರೆ ಖಾಸಗಿಯವರ ನೆಟ್ ಇಲ್ಲದ ರೀಚಾರ್ಜಿಗಿಂತಲೂ ಕಡಿಮೆ. ಆದರೆ ಅದು ಹೊಸ ಗ್ರಾಹಕರಿಗೆ, ಅದೂ ಒಂದು ತಿಂಗಳ ಅವಧಿಗೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯೇ 2020ರ ಮಾರ್ಚಿನಲ್ಲಿ ನಿಂತು ಮತ್ತೆ ಬಂದಿಲ್ಲ. ಆದ್ದರಿಂದ ಇಂಥ ಕೊಡುಗೆ ಬಂದಾಗ ಬಳಸಿಕೊಳ್ಳಿ, ಬರುತ್ತದೆಂದು ಕಾಯಬೇಡಿ.

ಅಗ್ಗವೆಂದು ಕಂಪನಿ ಬದಲಿಸುವ ಮೊದಲು ಮನೆಯೊಳಗೆ ಸಿಗ್ನಲ್ ನೋಡಲೇಬೇಕು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಹಳ ಜನ ಬಿಎಸ್ಸೆನ್ನೆಲ್‌ಗೆ ಓಡಿದರು. ಆದರೆ ಅದರ ಸ್ವದೇಶಿ 4ಜಿ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಕಂಪನಿಗಳು ತಮ್ಮ ಸಿಗ್ನಲ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂಬ ನಿಯಮ ಈಗ ಇದೆ, ನಿಮ್ಮೂರು ಅದರಲ್ಲಿದೆಯೇ ಎಂದು ಮೊದಲು ನೋಡಿ. ಆದರೆ ನಕ್ಷೆಯಲ್ಲಿ ಊರಿಗೆ ಬಣ್ಣ ಬಳಿದಿದ್ದರೂ ದಪ್ಪ ಗೋಡೆಯ ಮಾಳಿಗೆ ಮನೆಯೊಳಗೆ, ತಗಡಿನ ಸೂರಿನ ಕೆಳಗೆ ಸಿಗ್ನಲ್ ಇಳಿದುಹೋಗುತ್ತದೆ. ಆನೆಗೊಂದಿ ಕಡೆ ಬಂಡೆಗುಡ್ಡಗಳ ಮರೆಯೂ ಸೇರುತ್ತದೆ. ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು, ಹಿರಿಯರು ಮಲಗುವ ಜಾಗದಿಂದಲೇ ಹಗಲೊಮ್ಮೆ, ರಾತ್ರಿ ಒಮ್ಮೆ ಕರೆ ಮಾಡಿಸಿ ನೋಡಿ. ಫೋನನ್ನೂ ನೋಡಬೇಕು. ಹಳೆಯ 2ಜಿ ಬಟನ್ ಫೋನಿನಲ್ಲಿ ಜಿಯೊ ಸಿಮ್ ಕೆಲಸ ಮಾಡುವುದಿಲ್ಲ. ಅಗ್ಗದ ರೀಚಾರ್ಜಿಗಾಗಿ ಹೊಸ ಫೋನು ಕೊಳ್ಳಬೇಕಾದರೆ ಆ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲ ಸರಿ ಕಂಡರೆ ಪೋರ್ಟ್ ಮಾಡುವುದು ಕಷ್ಟವಲ್ಲ. ಆ ಫೋನಿನಿಂದಲೇ PORT ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರು ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಆಧಾರದೊಂದಿಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಕರ್ನಾಟಕದೊಳಗೆ ಬದಲಾವಣೆಗೆ ಮೂರು ಕೆಲಸದ ದಿನ. ಈಗಿರುವ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೆಯ ಸಿಮ್‌ನಲ್ಲಿ ಉಳಿದ ದಿನ, ಉಳಿದ ದುಡ್ಡು ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ರೀಚಾರ್ಜು ಮುಗಿಯಲು ಒಂದು ವಾರ ಇರುವಾಗ ಶುರುಮಾಡಿ. ಪಿಂಚಣಿ ಬರುವ ವಾರದಲ್ಲಿ ಬೇಡ.

ಇಲ್ಲೇ ಅನೇಕರಿಗೆ ತಡೆ ಬೀಳುತ್ತದೆ: ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು. ಅಜ್ಜನ ಸಿಮ್ ಹಿರಿಯ ಮಗನ ಹೆಸರಿನಲ್ಲಿದ್ದು, ಅವನು ಗುಳೆ ಹೋಗಿದ್ದರೆ ಪೋರ್ಟೂ ಆಗುವುದಿಲ್ಲ, ಸಿಮ್ ಕಳೆದರೆ ಡೂಪ್ಲಿಕೇಟೂ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ಒಟಿಪಿ ಹಾಕಿ ನೋಡಬಹುದು, ತಮ್ಮದಲ್ಲದ್ದನ್ನು ಅಲ್ಲೇ ದೂರಬಹುದು. ಮಗ ಹಬ್ಬಕ್ಕೆ ಊರಿಗೆ ಬಂದಾಗ ಅಂಗಡಿಗೆ ಕರೆದೊಯ್ದು ಹಿರಿಯರ ಹೆಸರಿಗೆ ಮಾಡಿಸಿಬಿಡಿ.

ರೀಚಾರ್ಜು ಹಾಕಿಸಿದ ಮೇಲೂ ದುಡ್ಡು ಕಡಿತವಾಗುತ್ತಿದ್ದರೆ ಕಾಲರ್ ಟ್ಯೂನ್‌ನಂಥ ಸೇವೆ ಅಂಟಿಕೊಂಡಿರಬಹುದು. 155223ಕ್ಕೆ STOP ಎಂದು ಕಳಿಸಿ ನಿಲ್ಲಿಸಿ. ಜಾಹೀರಾತು ಕರೆಗಳ ಕಾಟಕ್ಕೆ 1909. ಹೇಳಿದ ಪ್ಲಾನ್ ಒಂದು, ಹಾಕಿದ್ದು ಇನ್ನೊಂದು ಎಂಬಂಥ ತಕರಾರಿಗೆ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ, ಅವರು ಕೊಡುವ ಡಾಕೆಟ್ ನಂಬರನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಮೇಲ್ಮನವಿಗೆ ಆ ಡಾಕೆಟ್ ನಂಬರು ಬೇಕೇ ಬೇಕು.